ನಂದು ಕಾಮರ್ಸು, ನನಗ್ಯಾಕೆ ಸೈನ್ಸು?

ಮೊನ್ನೆ ಭಾನುವಾರ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎಂದಿನಂತೆ ಮಕ್ಕಳ ಓದಿನ ವಿಷಯ ಬಂತು. ಪಿಯುಸಿಗೆ ಕಾಮರ್ಸ್ ಸೇರಿದ ಹುಡುಗಿಯೊಬ್ಬಳ ಅಪ್ಪ ಖುಷಿಯಾಗಿ ಹೇಳಿದರು: "ಅಬ್ಬಾ, ಸೈನ್ಸ್ ಕಾಟ ತಪ್ತು ನೋಡಿ. ಹಳೇ ಪುಸ್ತಕ ಎಲ್ಲಾ ತೂಕಕ್ಕೆ ಹಾಕ್ಬಿಟ್ವಿ. ಸಿಎ ಆಗೋಳಿಗೆ ಕಪ್ಪೆ ಹೃದಯಕ್ಕೆ ಎಷ್ಟು ಕೋಣೆ ಅಂತ ಯಾಕೆ ಸ್ವಾಮಿ ಬೇಕು? ಆಸಕ್ತಿ ಇದ್ದೋರು ಕಲೀಲಿ, ಇಲ್ದೋರನ್ನ ಬಿಟ್ಬಿಡಿ."

ಎಲ್ಲರೂ ಹೌದು ಹೌದು ಅಂದ್ರು. ನಾನು ಹೋಳಿಗೆ ತಿನ್ನುತ್ತಾ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ, ಅಲ್ಲೇ ಬಾಯಿ ಬಿಡಬೇಕಿತ್ತು ಅಂತ ಅನ್ನಿಸತೊಡಗಿತು. ಯಾಕಂದ್ರೆ ಆ ಮಾತನ್ನ ನಾನೂ ಒಂದು ಸಲ ಆಡಿದ್ದೇನೆ. ಅದರ ಬೆಲೆ ತೆತ್ತವರು ನನ್ನ ದೊಡ್ಡಪ್ಪ.

ಮೊದಲೇ ಹೇಳಿಬಿಡ್ತೀನಿ, ನಾನು ವಿಜ್ಞಾನಿ ಅಲ್ಲ. ಬಿ.ಕಾಂ. ಮಾಡಿದವನು, ಲೆಕ್ಕಪತ್ರ ನೋಡುವ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 78 ಬಂದಿತ್ತು. ಆಮೇಲೆ ಆ ಕಡೆ ತಿರುಗಿ ನೋಡಲಿಲ್ಲ.

2008ರ ಡಿಸೆಂಬರ್. ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ಚನ್ನರಾಯಪಟ್ಟಣದ ಕಡೆ. ಸಂಜೆ ಏಳು ಗಂಟೆ ಇರಬಹುದು, ಕರೆಂಟ್ ಇರಲಿಲ್ಲ. ದೊಡ್ಡಪ್ಪ ದನಕ್ಕೆ ಹುಲ್ಲು ಹಾಕೋಣ ಅಂತ ರಾಗಿ ಮೆದೆಗೆ ಕೈ ಹಾಕಿದ್ದಾರೆ. ಕುಕ್ಕರ್ ಕೂಗಿದ ಹಾಗೆ ಬುಸ್ ಅಂತ ಶಬ್ದ. ಕೊಳಕುಮಂಡಲ. ಮುಂಗೈಗೆ ಕಚ್ಚಿತ್ತು. ದೊಡ್ಡಪ್ಪ ಕಿರುಚಲೂ ಇಲ್ಲ, ನಡೆದುಕೊಂಡೇ ಬಂದು ಜಗುಲಿ ಮೇಲೆ ಕೂತರು. ಜನ ಸೇರಿದರು. ತಾಲೂಕು ಆಸ್ಪತ್ರೆ ಒಂಬತ್ತು ಕಿಲೋಮೀಟರು. ಇನ್ನೊಂದು ದಿಕ್ಕಿಗೆ ಹನ್ನೆರಡು ಕಿಲೋಮೀಟರು ಹೋದರೆ ಹಾವಿಗೆ ಔಷಧಿ ಕೊಡೋ ಯಜಮಾನರೊಬ್ಬರ ಮನೆ. ಅವರ ಕೈಗುಣದ ಬಗ್ಗೆ ಸುತ್ತ ಹತ್ತು ಹಳ್ಳಿಯಲ್ಲಿ ಮಾತಿತ್ತು.

ಕಾರು ಇದ್ದದ್ದು ನನ್ನ ಹತ್ತಿರ. ದೊಡ್ಡಮ್ಮ ನನ್ನ ಮುಖ ನೋಡಿ ಕೇಳಿದರು, "ಓದ್ದೋನು ನೀನು. ಎಲ್ಲಿಗ್ ಹೋಗಣ ಹೇಳಪ್ಪ."

ನಾನು ಹೇಳಿದೆ, "ನನಗೇನ್ ಗೊತ್ತಾಗುತ್ತೆ ದೊಡ್ಡಮ್ಮ, ನಂದು ಕಾಮರ್ಸು. ದೊಡ್ಡೋರು ಹೇಳ್ದಂಗೆ ಮಾಡಣ."

ದೊಡ್ಡವರು ಹನ್ನೆರಡು ಕಿಲೋಮೀಟರಿನ ದಿಕ್ಕು ತೋರಿಸಿದರು. ಗಾಡಿ ಓಡಿಸಿದವನು ನಾನೇ. ಯಜಮಾನರು ಏನೋ ಸೊಪ್ಪು ಅರೆದು ಕುಡಿಸಿದರು, ಗಾಯಕ್ಕೆ ಹಚ್ಚಿದರು, ತೋಳಿಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಒಂದು ಪೈಸೆ ಮುಟ್ಟಲಿಲ್ಲ. "ವಿಷ ಇಳೀತು, ರಾತ್ರಿ ನಿದ್ದೆ ಮಾಡಿಸಬೇಡಿ" ಅಂದರು. ನಾವು ವಾಪಸ್ ಬಂದೆವು. ರಾತ್ರಿ ಒಂದು ಗಂಟೆಗೆ ದೊಡ್ಡಪ್ಪನ ವಸಡಿನಲ್ಲಿ ರಕ್ತ. ಕೈ ಬಾಳೆದಿಂಡಿನ ಹಾಗೆ ಊದಿತ್ತು. ಬೆಳಗಿನ ಜಾವ ಮೂತ್ರ ಕೆಂಪಗೆ ಹೋಯಿತು. ಆಗ ಓಡಿದೆವು ಆಸ್ಪತ್ರೆಗೆ.

ಅಲ್ಲಿ ಡಾಕ್ಟರು ಸ್ವಲ್ಪ ರಕ್ತ ತೆಗೆದು ಒಂದು ಒಣ ಗಾಜಿನ ಕೊಳವೆಗೆ ಹಾಕಿ ಅಲ್ಲಾಡಿಸದೆ ಇಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿ ನೋಡಿದರು. ನಮ್ಮ ನಿಮ್ಮ ರಕ್ತ ಆಗಿದ್ದರೆ ಅಷ್ಟರಲ್ಲಿ ಗಟ್ಟಿಯಾಗಿರಬೇಕಿತ್ತು. ಅದು ನೀರಿನ ಹಾಗೆ ಹರಿಯಿತು. ಕೊಳಕುಮಂಡಲದ ವಿಷ ಮಾಡುವುದೇ ಅದು, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಖಾಲಿ ಮಾಡುತ್ತೆ. ಜೊತೆಗೆ ಮೂತ್ರಪಿಂಡಕ್ಕೂ ಪೆಟ್ಟು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟೊತ್ತಿಗೆ ಕಚ್ಚಿದ್ದು?" ಉತ್ತರ ಕೇಳಿ ಬೇರೆ ಏನೂ ಅನ್ನಲಿಲ್ಲ. ಪ್ರತಿವಿಷ ಕೊಟ್ಟು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಡಯಾಲಿಸಿಸ್ ಆಯಿತು. ಒಂಬತ್ತನೇ ದಿನ ದೊಡ್ಡಪ್ಪ ಹೋದರು.

ಪ್ರತಿವಿಷ ಅಂದ್ರೆ ಏನು ಅಂತ ನಾನು ತಿಳಿದುಕೊಂಡದ್ದು ತಿಥಿ ಎಲ್ಲ ಮುಗಿದ ಮೇಲೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನ ಹಿಡಿದು ನಿಲ್ಲಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಅದನ್ನ ಬೇರ್ಪಡಿಸಿ ಶುದ್ಧ ಮಾಡಿ ನಮಗೆ ಕೊಡುತ್ತಾರೆ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವಿಗೆ ಅಂತ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದು ರಕ್ತದಲ್ಲಿ ತಿರುಗಾಡುತ್ತಿರುವ ವಿಷವನ್ನ ಹಿಡಿಯಬಲ್ಲದು. ಆಗಲೇ ಹಾಳಾದ ಮೂತ್ರಪಿಂಡವನ್ನ ವಾಪಸ್ ತರಲಾರದು. ನಾವು ಕಳೆದದ್ದು ಆ ವಿಷ ತಿರುಗಾಡುತ್ತಿದ್ದ ಹೊತ್ತನ್ನು.

ಈಗ ನೀವು ಆ ಯಜಮಾನರನ್ನ ಬೈಯ್ಯಬಹುದು. ನಾನು ಬೈಯ್ಯಲ್ಲ. ಅವರು ಮೋಸಗಾರರಲ್ಲ, ಕಾಸಿಗೆ ಕೈ ಚಾಚಿದವರಲ್ಲ. ತಮ್ಮ ಔಷಧಿ ಕೆಲಸ ಮಾಡುತ್ತೆ ಅಂತ ಮನಸಾರೆ ನಂಬಿದ್ದರು. ಯಾಕೆ ನಂಬಬಾರದು ಹೇಳಿ? ಅವರ ಹತ್ತಿರ ಬಂದವರಲ್ಲಿ ಮುಕ್ಕಾಲುಪಾಲು ಜನ ಬದುಕಿ ಮನೆಗೆ ಹೋಗಿದ್ದಾರಲ್ಲ!

ಇಲ್ಲೇ ಇರೋದು ವಿಷಯ. ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅದರಲ್ಲಿ ಹೆಚ್ಚಿನವು ವಿಷ ಇಲ್ಲದವು. ಕೇರೆ, ನೀರೊಳ್ಳೆ, ಕಟ್ಟುಹಾವಿನ ಹಾಗೇ ಕಾಣುವ ತೋಳದ ಹಾವು, ಇವೆಲ್ಲ ಕಚ್ಚಿದರೆ ಗಾಯ ತೊಳೆದುಕೊಂಡರೆ ಸಾಕು. ಇನ್ನು ನಿಜವಾದ ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಬಿಟ್ಟಿರುವುದಿಲ್ಲ. ಅದಕ್ಕೆ ಒಣ ಕಡಿತ ಅಂತಾರೆ. ಅಂದ್ರೆ ಬಂದವರಲ್ಲಿ ಬಹಳ ಜನ ಸೊಪ್ಪು ಕುಡಿದರೂ ಬದುಕುತ್ತಾರೆ, ಮಜ್ಜಿಗೆ ಕುಡಿದರೂ ಬದುಕುತ್ತಾರೆ, ಏನೂ ಕುಡಿಯದೆ ಗೋಡೆ ನೋಡ್ತಾ ಕೂತರೂ ಬದುಕುತ್ತಾರೆ. ಬದುಕಿದವರು ತೆಂಗಿನಕಾಯಿ ಹಿಡಿದು ವಾಪಸ್ ಬರುತ್ತಾರೆ. ಸತ್ತವರು ವಾಪಸ್ ಬಂದು ಹೇಳುತ್ತಾರೆಯೇ? ಸತ್ತರೆ "ಹಣೆಬರಹ, ತಡವಾಗಿ ತಂದ್ರು" ಅಂತ ಇನ್ನೊಂದು ಖಾತೆಗೆ ಹೋಗುತ್ತೆ.

ನಾನು ಲೆಕ್ಕದವನು, ಇದು ನನಗೆ ಅವತ್ತೇ ಹೊಳೆಯಬೇಕಿತ್ತು. ಒಂದು ಅಂಗಡಿಯವನು ಬರೀ ಜಮಾ ಆದ ಓಚರು ತೋರಿಸಿ ಖರ್ಚಿನ ಓಚರು ಬಚ್ಚಿಟ್ಟರೆ ಆ ಲೆಕ್ಕಕ್ಕೆ ನಾನು ಸಹಿ ಹಾಕ್ತೀನಾ? ಜನ್ಮದಲ್ಲಿ ಹಾಕಲ್ಲ. ಆದರೆ ದೊಡ್ಡಪ್ಪನ ಜೀವದ ಲೆಕ್ಕಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದೆ. ಯಾಕಂದ್ರೆ ಅದು "ಸೈನ್ಸು", ನನ್ನ ಲೈನ್ ಅಲ್ಲ.

ಈಗ ಗೃಹಪ್ರವೇಶದ ವಾದಕ್ಕೆ ಬರ್ತೀನಿ. ಆಸಕ್ತಿ ಇಲ್ಲದವರಿಗೆ ವಿಜ್ಞಾನ ಯಾಕೆ? ನನ್ನ ಉತ್ತರ ಇಷ್ಟೇ: ಹಾವು ನಮ್ಮ ಆಸಕ್ತಿ ಕೇಳಿಕೊಂಡು ಕಚ್ಚಲ್ಲ. ಜ್ವರ ಕೇಳಲ್ಲ, ಕೊಳವೆಬಾವಿಯ ಫ್ಲೋರೈಡ್ ಕೇಳಲ್ಲ, ಸಿಡಿಲು ಕೇಳಲ್ಲ. ಸಂಗೀತ ನನಗೆ ಬೇಡ ಅಂದರೆ ಸಂಗೀತ ನನ್ನನ್ನ ಬಿಟ್ಟುಬಿಡುತ್ತೆ. ಪ್ರಕೃತಿ ಬಿಡಲ್ಲ.

"ಅದಕ್ಕೆ ಡಾಕ್ಟರಿಲ್ವಾ, ತಜ್ಞರಿಲ್ವಾ?" ಅಂತೀರಿ. ಇದ್ದಾರೆ. ಒಂಬತ್ತು ಕಿಲೋಮೀಟರ್ ದೂರದಲ್ಲಿ ಇದ್ದರು, ಔಷಧಿಯೂ ಇತ್ತು. ಆದರೆ ಯಾವ ತಜ್ಞರ ಹತ್ತಿರ ಹೋಗಬೇಕು ಅನ್ನೋ ತೀರ್ಮಾನ ಮಾಡಿದ್ದು ತಜ್ಞರಲ್ಲ, ಜಗುಲಿಯ ಮುಂದೆ ನಿಂತಿದ್ದ ನಾವು. ಆ ತೀರ್ಮಾನ ಯಾವತ್ತೂ ಗೊತ್ತಿಲ್ಲದವರೇ ಮಾಡಬೇಕು. ತಜ್ಞರು ಇರೋದ್ರಿಂದ ನನಗೆ ವಿಜ್ಞಾನ ಬೇಡ ಅನ್ನೋದು, ಬ್ಯಾಂಕಿನಲ್ಲಿ ಮ್ಯಾನೇಜರು ಇದ್ದಾರೆ ಅಂತ ಚೆಕ್ಕಿನ ಮೇಲೆ ಏನು ಬರೆದಿದೆ ಅಂತ ಓದದೆ ಕೊಟ್ಟ ಹಾಗೆ.

"ಎಲ್ಲಾ ಕಲಿಯೋಕೆ ಆಗುತ್ತಾ?" ಆಗಲ್ಲ. ಯಾರೂ ಕೇಳ್ತಾನೂ ಇಲ್ಲ. ಆದರೆ ಇದನ್ನೇ ತಿರುಗಿಸಿ ನೋಡಿ. ಒಬ್ಬ ಡಾಕ್ಟರು "ನಂದು ಸೈನ್ಸು, ನನಗ್ಯಾಕೆ ಬಡ್ಡಿ ಲೆಕ್ಕ" ಅಂತ ಹೇಳಿ, ಹಣ ದುಪ್ಪಟ್ಟು ಮಾಡಿಕೊಡ್ತೀವಿ ಅನ್ನೋರ ಕೈಗೆ ಗಂಟು ಕೊಟ್ಟು ಕಳಕೊಂಡರೆ ನಾವು ಏನಂತೀವಿ? "ಅಷ್ಟು ಓದಿ ಇಷ್ಟೂ ಗೊತ್ತಾಗಲಿಲ್ವಾ" ಅಂತೀವಿ. ಅವರಿಗೆ ಮಾಫಿ ಇಲ್ಲ. ನಮಗೆ ಮಾತ್ರ ಯಾಕೆ ಮಾಫಿ?

ಇನ್ನೊಂದು ಗಟ್ಟಿ ಪ್ರಶ್ನೆ ಇದೆ, ಅದನ್ನ ನಾನೇ ಕೇಳಿಕೊಂಡಿದ್ದೇನೆ. "ನಿನಗೂ 78 ಬಂದಿತ್ತಲ್ಲಪ್ಪ, ಏನು ಉಪಯೋಗಕ್ಕೆ ಬಂತು?" ನಿಜ. ಬರಲಿಲ್ಲ. ಜೀರ್ಣಾಂಗದ ಚಿತ್ರ ಬರೆದು ಒಂಬತ್ತು ಭಾಗ ಗುರುತಿಸಿದ್ದೆ, ಪರಾಗಸ್ಪರ್ಶದ ವಿಧಗಳನ್ನ ಉರು ಹೊಡೆದಿದ್ದೆ. ನಮಗೆ ಉತ್ತರಗಳನ್ನ ಕಲಿಸಿದರು, ಪ್ರಶ್ನೆ ಕೇಳೋದನ್ನ ಕಲಿಸಲಿಲ್ಲ. ಕಪ್ಪೆ ಹೃದಯದ ಕೋಣೆ ಮರೆತರೆ ನಷ್ಟವಿಲ್ಲ, ಆ ಅಪ್ಪ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಒಂದು ಪ್ರಶ್ನೆ ಮರೆಯೋ ಹಾಗಿಲ್ಲ: "ಏನೂ ಮಾಡದೆ ಬಿಟ್ಟಿದ್ರೂ ಹೀಗೇ ಆಗ್ತಿತ್ತಾ?"

1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ ಕೇಳಿದ್ದು ಹೆಚ್ಚುಕಮ್ಮಿ ಇದನ್ನೇ. ವಸಡಿನಿಂದ ರಕ್ತ ಸುರಿಯೋ ಸ್ಕರ್ವಿ ರೋಗದ ಹನ್ನೆರಡು ನಾವಿಕರನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಉಳಿದ ಊಟ ಎಲ್ಲರಿಗೂ ಒಂದೇ. ಕಿತ್ತಳೆ ನಿಂಬೆ ತಿಂದವರು ಬೇಗ ಎದ್ದು ನಿಂತರು. ಇದರಲ್ಲಿ ಯಾವ ಸೂತ್ರ ಇದೆ, ಯಾವ ಲ್ಯಾಬ್ ಇದೆ? ಹೋಲಿಸಿ ನೋಡಿದ, ಅಷ್ಟೇ. ಇದನ್ನ ಕಲಿಯೋಕೆ ಸೈನ್ಸ್ ತಗೋಬೇಕಾ?

ತಗೊಂಡವರಿಗೆಲ್ಲ ಬರುತ್ತೆ ಅಂತಾನೂ ಇಲ್ಲ ಬಿಡಿ. 1995ರ ಸೆಪ್ಟೆಂಬರ್ 21ರಂದು ದೇಶದ ತುಂಬ ಗಣೇಶ ಹಾಲು ಕುಡಿದನಲ್ಲ, ಅವತ್ತು ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಇಂಜಿನಿಯರು. ಮೇಲ್ಮೈ ಎಳೆತ ಅಂತ ಅವರು ಕಾಲೇಜಿನಲ್ಲಿ ಓದಿದ್ದರು. ಮನೆ ಮುಂದಿನ ಒರಳುಕಲ್ಲಿಗೆ ಒಂದು ಚಮಚ ಹಿಡಿದು ನೋಡೋಣ ಅಂತ ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಈಗಲೂ ಶೀತಜ್ವರಕ್ಕೆ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿ "ಮೂರೇ ದಿನಕ್ಕೆ ವಾಸಿ" ಅನ್ನೋರಲ್ಲಿ ಸಾಫ್ಟ್‌ವೇರಿನವರು ಎಷ್ಟು ಬೇಕು? ವೈರಸ್ಸಿಗೆ ಆ ಮಾತ್ರೆ ನಾಟೋದೇ ಇಲ್ಲ, ಆ ಶೀತ ತಾನಾಗೇ ಹೋಗ್ತಿತ್ತು. ಇದೂ ಅದೇ ಸೊಪ್ಪಿನ ಲೆಕ್ಕ, ಪ್ಯಾಕಿಂಗ್ ಬೇರೆ.

ಕನ್ನಡದವರಿಗೆ ಇದನ್ನ ಹೊಸದಾಗಿ ಹೇಳಬೇಕಾಗಿಯೂ ಇಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು "ವಿಜ್ಞಾನ" ಅನ್ನೋ ಪತ್ರಿಕೆಯನ್ನ ಕನ್ನಡದಲ್ಲಿ ಹೊರಡಿಸಿದರು. ಕಾಲೇಜು ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ಯಕ್ಷಗಾನ, ಕಾದಂಬರಿಗಳ ನಡುವೆ ಬಿಡುವು ಮಾಡಿಕೊಂಡು "ಬಾಲಪ್ರಪಂಚ", "ವಿಜ್ಞಾನ ಪ್ರಪಂಚ" ಬರೆದರು. ಕನ್ನಡ ಎಂ.ಎ. ಮಾಡಿದ ತೇಜಸ್ವಿ ಹಕ್ಕಿ, ಹುಳು, ಓತಿಕ್ಯಾತಗಳ ಹಿಂದೆ ಬಿದ್ದರು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಮಾಡಿಸಿದರು. ಇವರ್ಯಾರೂ "ನಿಮ್ಮ ಕಾಂಬಿನೇಷನ್ ಯಾವುದು" ಅಂತ ಓದುಗರನ್ನ ಕೇಳಲಿಲ್ಲ. ನಮ್ಮ ಸಂವಿಧಾನವೂ ಕೇಳಿಲ್ಲ. 1976ರಲ್ಲಿ ಸೇರಿಸಿದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳೋದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಅಂತ ಇದೆ. ಪಿಸಿಎಂಬಿ ತಗೊಂಡ ಪ್ರಜೆ ಅಂತ ಇಲ್ಲ :)

ಇದು ನಮ್ಮೊಬ್ಬರ ಮನೆ ಕಥೆ ಅಂದ್ಕೋಬೇಡಿ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ, ಹಾವು ಕಡಿತದ ಪ್ರಕರಣಗಳನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಮಾಡಿತು. ಒಳ್ಳೇದು, ಕೊನೆಗೂ ಸತ್ತವರ ಓಚರೂ ಲೆಕ್ಕಕ್ಕೆ ಬರುತ್ತೆ. ಇನ್ನೂ ಆಗಬೇಕಾದದ್ದು ಬಹಳ ಇದೆ. ಪಶ್ಚಿಮ ಘಟ್ಟದ ಒಂದು ಜಾತಿಯ ಗುಳಿಮಂಡಲಕ್ಕೆ ಈಗಿನ ಪ್ರತಿವಿಷ ನಾಟುವುದಿಲ್ಲ. ಒಂದೇ ಜಾತಿಯ ಹಾವಿನ ವಿಷ ಕೂಡ ಊರಿಂದ ಊರಿಗೆ ಬೇರೆ ಇರುತ್ತೆ. ಇದರ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ನಡೆದಿದೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಸ್ಟಾಕ್ ಇದೆಯಾ, ಅದು ನಮ್ಮ ಕಡೆ ಹಾವಿಗೆ ಸರಿಯಾದದ್ದಾ ಅಂತ ಶಾಸಕರನ್ನ ಕೇಳಬೇಕಾದವರು ಯಾರು? ಓಟು ಹಾಕೋ ನಾವು. ಗೊತ್ತಿದ್ದರೆ ತಾನೇ ಕೇಳೋದು?

ಬೈಯ್ಯೋರು ಬೈಯ್ಯಿರಿ, ಆದರೆ ಇಷ್ಟು ನೆನಪಿಟ್ಟುಕೊಳ್ಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆಗೆ ಓಡಿ. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಗಾಯ ಕಾಣಲಿಲ್ಲ ಅಂತ ಸುಮ್ಮನಿರಬೇಡಿ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ.

ಆ ಹುಡುಗಿ ಸಿಎ ಆಗಲಿ, ಚೆನ್ನಾಗಿರಲಿ. ತೂಕಕ್ಕೆ ಹೋದ ಪುಸ್ತಕಕ್ಕೆ ನನಗೆ ಬೇಜಾರಿಲ್ಲ. ಆದರೆ ಮುಂದೆ ಯಾವತ್ತೋ ಒಂದು ದಿನ ಅವಳ ಮನೆಯವರು ಅವಳ ಮುಖ ನೋಡಿ "ಓದ್ದೋಳು ನೀನು, ಏನ್ ಮಾಡಣ ಹೇಳು" ಅಂತ ಕೇಳೇ ಕೇಳ್ತಾರೆ. ಆಗ ನಾನು ಕೊಟ್ಟ ಉತ್ತರ ಅವಳು ಕೊಡಬಾರದು. ಅಷ್ಟೇ.

ದೊಡ್ಡಮ್ಮ ಇವತ್ತಿಗೂ ನನ್ನನ್ನ ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೀವೇನಂತೀರಿ?