ನಾಟಿ ಅಂತೀರಿ, ಹುಂಜ ಯಾವುದು ಸ್ವಾಮಿ?

2018ರಲ್ಲಿ ಚಿಕ್ಕಬಳ್ಳಾಪುರದ ಕಡೆ ಎರಡು ಕೋಳಿ ಹಿಡಿದು ಸರ್ಕಾರಿ ಬಸ್ ಹತ್ತಿದವರಿಗೆ ಕಂಡಕ್ಟರು ಕೋಳಿಗೊಂದರಂತೆ ಅರ್ಧ ಟಿಕೆಟ್ ಹರಿದುಕೊಟ್ಟದ್ದು ನಾಡಿಗೆಲ್ಲ ನಗೆಯ ಸುದ್ದಿಯಾಗಿತ್ತು. ನಿಗಮದ ನಿಯಮವೇ ಹಾಗಿತ್ತು, ಕಂಡಕ್ಟರನ್ನು ಬೈದು ಫಲವಿಲ್ಲ. ಆದರೆ ಒಂದು ಮಾತು: ಕೋಳಿಯ ಜಾತಿ ಯಾವುದೆಂದು ಕಂಡಕ್ಟರು ಕೇಳುವುದಿಲ್ಲ. ನಾಟಿಗೂ ಅರ್ಧ, ಫಾರಂಗೂ ಅರ್ಧ. ಬಸ್ಸು ಇಳಿದ ಮೇಲಿನ ಲೆಕ್ಕವೇ ಬೇರೆ. ಅಲ್ಲಿ 'ನಾಟಿ' ಎಂಬ ಎರಡಕ್ಷರಕ್ಕೇ ದುಡ್ಡು.

ಆ ಎರಡಕ್ಷರ ಈಗ ಎಷ್ಟು ನಿಜ ಎಂಬುದು ಪ್ರಶ್ನೆ.

ಕ್ಯಾತ್ಸಂದ್ರ ಬಿಟ್ಟು ಗುಬ್ಬಿ ಕಡೆಗೋ ಕುಣಿಗಲ್ ಕಡೆಗೋ ಹೋಗಿ ಹಳ್ಳಿಯ ಹಿತ್ತಿಲು ನೋಡಿ. ತಿಪ್ಪೆ ಕೆದಕುವುದರಲ್ಲಿ ನಾಟಿ ಹ್ಯಾಟೆ ಉಂಟು, ಗಿರಿರಾಜ ಉಂಟು, ಯಾರೋ ಆಸೆಪಟ್ಟು ತಂದ ಕರೀ ಕಡಕ್‌ನಾಥ್ ಉಂಟು. ಇವೆಲ್ಲ ಒಂದೇ ಮಂಕರಿಯಡಿ ಬೆಳೆದವು. ನೋಡುವುದಕ್ಕೆ ಚಂದ. ಕೂಡಿಸಿ ಸಾಕುವುದರಲ್ಲಿ ಲಾಭವೂ ಇದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ತಯಾರಾಗಿ 1989ರಲ್ಲಿ ರೈತರ ಕೈಗೆ ಬಂದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಆದರೆ ಕಾವು ಕೂರುವುದಿಲ್ಲ. ನಮ್ಮ ನಾಟಿ ಹ್ಯಾಟೆ ಇಡುವುದು ಐವತ್ತು, ಅರವತ್ತು ಅಷ್ಟೆ. ಆದರೆ 21 ದಿನ ಜಪ್ಪಯ್ಯ ಅಂದರೂ ಏಳದೆ ಕಾವು ಕೊಡುತ್ತದೆ, ಹದ್ದು ಸುಳಿದರೆ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಒಬ್ಬಳು ಹೆತ್ತದ್ದನ್ನು ಇನ್ನೊಬ್ಬಳು ಸಾಕಿದಂತೆ. ಕರೆಂಟು ಬೇಡ, ಮೆಷಿನ್ನು ಬೇಡ. ನಾಲ್ಕು ಮೊಟ್ಟೆ ಮಾರಿ ಉಪ್ಪು, ಸೋಪು ತರುವ ಹೆಣ್ಣುಮಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಎಡವಟ್ಟು ಶುರುವಾಗುವುದು ಹುಂಜದ ಕಡೆಯಿಂದ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು. ಅಂದರೆ ಮುಂದಿನ ವರ್ಷ ಹಿತ್ತಿಲಲ್ಲಿ ಓಡಾಡುವ ಅಷ್ಟೂ ಮರಿಗೆ ಅಪ್ಪ ಅವನೊಬ್ಬನೇ. ಸಿದ್ಧಗಂಗೆಯ ಶಿವರಾತ್ರಿ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ಟವಲಿನಡಿ ಬೆರಳು ಹಿಡಿದು ವ್ಯಾಪಾರ ಮಾಡುವ ರೈತ ಮನೆಯ ಹುಂಜದ ವಿಷಯದಲ್ಲಿ ಮಾತ್ರ 'ಯಾವುದಾದ್ರೇನು ಬಿಡಪ್ಪ' ಅನ್ನುತ್ತಾನೆ. ಅಷ್ಟೇ ಆಗಿದ್ದರೂ ಸರಿಯಿತ್ತು. ಯುಗಾದಿಯ ಮಾರನೇ ದಿನ ಹೊಸತೊಡಕು, ಆಮೇಲೆ ಊರ ಮಾರಮ್ಮನ ಹಬ್ಬ, ನಡುವೆ ಬೀಗರೂಟ. ಎಲ್ಲಕ್ಕೂ ಹೋಗುವುದು ಮೈ ತುಂಬಿದ, ಬಣ್ಣದ, ಗಟ್ಟಿ ಹುಂಜವೇ. ಕೈಗೆ ಸಿಗದೆ ಬೇಲಿ ಸಂದಿಯಲ್ಲಿ ಉಳಿದ ಪೀಚು ಹುಂಜ ಮುಂದಿನ ತಲೆಮಾರಿನ ಯಜಮಾನ. ಒಳ್ಳೆಯ ರಾಗಿಯನ್ನೆಲ್ಲ ಮುದ್ದೆ ಮಾಡಿ ಉಂಡು ಜೊಳ್ಳನ್ನು ಬಿತ್ತನೆಗೆ ಇಟ್ಟರೆ ಯಾರಾದರೂ ಬುದ್ಧಿವಂತ ಅಂದಾರೇ?

ಇನ್ನು ಉಳಿದ ಹುಂಜ ಗಿರಿರಾಜನಾದರೆ ಕಥೆ ಬೇರೆ. ಅದು ಹಲವು ತಳಿ ಬೆರೆಸಿ ಮಾಡಿದ ಕೋಳಿ. ಮೊದಲ ತಲೆಮಾರಿನಲ್ಲಿ ತೂಕ ಬರುತ್ತದೆ. ಅದರ ಮರಿ, ಮರಿಯ ಮರಿ ಅನ್ನುವ ಹೊತ್ತಿಗೆ ಒಂದು ದಪ್ಪ, ಒಂದು ಸಣ್ಣ, ಒಂದೇ ಸಮ ಇರುವುದಿಲ್ಲ. ಇತ್ತ ನಾಟಿಯ ಕಾವು ಕೂರುವ ಗುಣವೂ ಕರಗುತ್ತ ಬರುತ್ತದೆ. ಗಿರಿರಾಜದ ತೂಕವೂ ಇಲ್ಲ, ನಾಟಿಯ ತಾಯ್ತನವೂ ಇಲ್ಲ. ಆಗ ಮರಿಗೆ ಮತ್ತೆ ಹಣ ಕೊಟ್ಟು ಊರೂರು ಸುತ್ತಬೇಕು. ಭಾರದ ಹುಂಜ ಸಣ್ಣ ಹ್ಯಾಟೆಯ ಬೆನ್ನಿನ ಪುಕ್ಕ ಕಿತ್ತು ಗಾಯ ಮಾಡುವುದು ಬೇರೆ.

ಹಾಗಂತ ಗಿರಿರಾಜ ಬೇಡವೆಂದಲ್ಲ. 2005ರಲ್ಲಿ ಬಂದ ಸ್ವರ್ಣಧಾರಾ ಇದಕ್ಕಿಂತಲೂ ಹೆಚ್ಚು ಮೊಟ್ಟೆ ಇಡುತ್ತದೆ, ಅದೂ ಬೇಕು. ಮೊಟ್ಟೆಗೆ, ಮಾಂಸಕ್ಕೆ ಯಾವುದನ್ನಾದರೂ ಸಾಕಿ, ಮನೆಯಲ್ಲಿ ಮರಿ ಮಾಡುವ ಹುಂಜವೊಂದನ್ನು ಮಾತ್ರ ನೋಡಿ ಇಟ್ಟುಕೊಳ್ಳಿ ಎಂಬುದಷ್ಟೇ ನಮ್ಮ ವಾದ. ಹುಂಜ ಬದಲಿಸಿದ ಮಾರನೇ ದಿನವೇ ಮೊಟ್ಟೆ ಕೂಡಿಸಿ ಕಾವಿಗಿಡುವವರೂ ಇದ್ದಾರೆ. ಹಳೇ ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಮೂರು ವಾರ ಆ ಮೊಟ್ಟೆಯನ್ನು ತಿನ್ನಬೇಕು, ಮಾರಬೇಕು, ಆಮೇಲಷ್ಟೇ ಕಾವು.

ಕೊಳ್ಳುವವರ ಪಾಡು ಇನ್ನೊಂದು. ಪುಕ್ಕಕ್ಕೆ ಬಣ್ಣವಿದ್ದರೆ ನಾಟಿ ಎಂದು ನಂಬುವವರು ಪಟ್ಟಣದಲ್ಲಿ ಬೇಕಾದಷ್ಟು. ಗಿರಿರಾಜಕ್ಕೂ ಬಣ್ಣದ ಪುಕ್ಕವೇ. 'ಊರ ಕೋಳಿ ಕಣಣ್ಣೋ, ಮನೇದು' ಅಂದರೆ ಮುಗಿಯಿತು. ಮಾರುವವನು ಸುಳ್ಳುಗಾರ ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಸಲ ಅವನಿಗೂ ಗೊತ್ತಿರುವುದಿಲ್ಲ. ಅಂಗಡಿಯವರು ಗಿರಿರಾಜ, ಬೆರಕೆ, ನಾಟಿ ಎಂದು ಹಲಗೆಯ ಮೇಲೆ ಬೇರೆ ಬೇರೆ ದರ ಬರೆದರೆ ವ್ಯಾಪಾರವೇನೂ ಬೀಳದು. ಕಡಕ್‌ನಾಥ್ ನೋಡಿ. ಮಧ್ಯಪ್ರದೇಶದ ಝಾಬುವಾದ ಜನ ತಮ್ಮ ಕೋಳಿ ಇಂಥದ್ದೆಂದು ಹಟಹಿಡಿದು 2018ರಲ್ಲಿ ಭೌಗೋಳಿಕ ಗುರುತು ಪಡೆದರು. ಅದರ ಹೆಸರಿಗೂ ಈಗ ಬೆಲೆ.

ಕೂಡುಸಾಕಣೆಯಲ್ಲಿ ಮನೆ ಹಾಳು ಮಾಡುವ ಇನ್ನೊಂದು ಸಂಗತಿ ಕೊಕ್ಕರೆ ರೋಗ. ನಾಟಿಗೆ ರೋಗ ಬರಲ್ಲ ಎಂಬುದು ಬರೀ ಮಾತು. ಸಂತೆಯಿಂದ ತಂದ ಒಂದು ಕೋಳಿ ರೋಗ ಹೊತ್ತು ಬಂದರೆ ವಾರದೊಳಗೆ ಹಿತ್ತಿಲು ಖಾಲಿ. ಹೊಸದಾಗಿ ತಂದದ್ದನ್ನು ಎರಡು ಮೂರು ವಾರ ದೂರ ಕಟ್ಟಿ, ಅದರ ನೀರಿನ ಚಿಪ್ಪೂ ಬೇರೆ ಇಟ್ಟರೆ ಅರ್ಧ ಅಪಾಯ ಕಡಿಮೆ. ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಿಗೆ ಮತ್ತೊಮ್ಮೆ, ಎಂಟು ಹತ್ತು ವಾರಕ್ಕೆ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆ ನೂರಾರು ಕೋಳಿಗೆ ಆಗುವಷ್ಟು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹನ್ನೆರಡು ಕೋಳಿಯ ಮನೆಯವಳು ಇದನ್ನು ಒಬ್ಬಳೇ ಹೇಗೆ ಕೊಂಡಾಳು? ಪಶು ಆಸ್ಪತ್ರೆಯವರು ಊರಿಗೊಂದು ದಿನ ಗೊತ್ತು ಮಾಡಿ, ಹಾಲಿನ ಡೇರಿಯ ಮುಂದೆ ಬೋರ್ಡು ಹಾಕಿದರೆ, ಬೆಳಿಗ್ಗೆ ಕೋಳಿ ಬಿಡುವ ಮುಂಚೆಯೇ ಇಡೀ ಬೀದಿಯ ಕೆಲಸ ಮುಗಿಯುತ್ತದೆ.

ಹಕ್ಕಿಜ್ವರ ಬಂದಾಗಲಂತೂ ನಾಟಿ, ಫಾರಂ ಎಂಬ ಭೇದವೇ ಇಲ್ಲ. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೇಂದ್ರದ ಟರ್ಕಿ ಕೋಳಿಗಳಲ್ಲಿ ಕಾಣಿಸಿತು, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ. ರೋಗ ಖಚಿತವಾದ ಜಾಗದಿಂದ ಒಂದು ಕಿಲೋಮೀಟರಿನೊಳಗಿನ ಕೋಳಿಯನ್ನೆಲ್ಲ ಕೊಲ್ಲಬೇಕೆಂಬುದು ಸರ್ಕಾರದ ಕ್ರಮ. ಪರಿಹಾರ ಕೊಡುತ್ತಾರೆ, ನಿಜ. ಅದು ತಲೆಲೆಕ್ಕದ ಹಣ. ಅಜ್ಜಿಯ ಕಾಲದಿಂದ ಅದೇ ಹಿತ್ತಿಲಲ್ಲಿ ಕಾವು ಕೂರುತ್ತ ಬಂದ ಹ್ಯಾಟೆಯ ವಂಶವನ್ನು ಆ ಹಣಕ್ಕೆ ಯಾವ ಸಂತೆಯಲ್ಲೂ ಕೊಡುವುದಿಲ್ಲ. ಒಳ್ಳೆಯ ಹುಂಜ ಒಂದೇ ಮನೆಯಲ್ಲಿ ಇರುವ ಬದಲು, ಅದರ ಮರಿ ಒಂದೆರಡನ್ನು ಈಗಲೇ ಪಕ್ಕದ ಊರಿನ ನೆಂಟರ ಮನೆಗೂ ಕೊಟ್ಟಿಡಬಹುದು. ಹೊಸತೊಡಕಿಗೆ ಕುಯ್ಯಬೇಡಿರೆಂದು ಹೇಳಿಯೇ ಕೊಡಬೇಕು.