ಬಿಯರ್ ಕ್ಲಾಸಿಗೆ ಹೋದಾಕಿ ನಾನು, ಬೈಸ್ಕೊಂಡಾಕಿ ನನ್ನ ಸೊಸಿ

ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕಂತ ನಮ್ಮ ಓಣಿ ತುದಿ ಮನಿಗೆ ಹೋಗಿದ್ದೆ. ನಾ ಚಪ್ಪಲಿ ಬಿಡೋದ್ರಾಗ ಒಳಗಿನ ಮಾತು ಗಪ್ಪಾತು. ಈ ವಯಸ್ಸಿಗೆ ಅಷ್ಟೂ ತಿಳಿಯೂದಿಲ್ಲೇನು, ನನ್ನ ಸುದ್ದಿನ ನಡದಿತ್ತು. ಉಡಿ ತುಂಬಿಸ್ಕೊಂಡು ಏಳೋ ಮುಂದ ನಮ್ಮ ಮಾವಶಿ ತಡೀಲಾರದ ಕೇಳೇಬಿಟ್ರು: "ಅಲ್ಲವಾ, ನಿನ್ನ ಸೊಸಿ ನಿನ್ನ ಬಿಯರ್ ಕುಡಿಯೋ ಕ್ಲಾಸಿಗೆ ಕರಕೊಂಡು ಹೋಗಿದ್ಲಂತ? ಏನ್ ಕಾಲ ಬಂತವಾ!"

ಕರಕೊಂಡು ಹೋಗಿದ್ದು ಖರೇ, ನಾ ಹೋಗಿದ್ದೂ ಖರೇ. ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿದಾಂವ ನನ್ನ ಮಗ. ಅವಂಗ ಯಾರೂ ಒಂದು ಮಾತು ಅನ್ಲಿಲ್ಲ, ಅದನ್ನೂ ನೋಡೇನಿ. ಏಪ್ರನ್ ಕಟಗೊಂಡು, ಮಗ್ಗಲಿಗೆ ಗ್ಲಾಸು ಇಟಗೊಂಡು ಹಲ್ಲು ಕಿಸದು ನಿಂತಾಕಿ ನಾನು, ಬೈಸ್ಕೊಂಡಾಕಿ ಸೊಸಿ. ಅದಕ್ಕ ಇವತ್ತ ಎಲ್ಲಾರಿಗೂ ಕೂಡೇ ಬರದು ಬಿಡ್ತೇನಿ. ಆ ಕ್ಲಾಸಿನ ಮ್ಯಾಲೆ ನನಗೂ ಸಿಟ್ಟದ, ನಿಮಗಿಂತ ಜಾಸ್ತಿನ ಅದ. ಆದ್ರ ನಿಮ್ಮ ಸಿಟ್ಟು ಹೋಗಿ ಹತ್ತಿದ ಜಾಗಾ ತಪ್ಪದ.

ಮಗ ಸೊಸಿ ಇರೋದು ಬೆಲ್ಜಿಯಮ್ಮಿನ ಲ್ಯೂವೆನ್ ಊರಾಗ. ಅಲ್ಲಿಂದ ಬ್ರಸೆಲ್ಸಿಗೆ ರೈಲಿನಾಗ ಅರ್ಧ ತಾಸಿನ ದಾರಿ. ನಾ ಮೂರು ತಿಂಗಳು ಇದ್ದೆ. ಚರ್ಚು ನೋಡಿದೆ, ಗ್ರಾಂ ಪ್ಲಾಸ್ ಚೌಕ ನೋಡಿದೆ, ಆ ಉಚ್ಚಿ ಹೊಯ್ಯೋ ಹುಡುಗನ ಮೂರ್ತಿನೂ ನೋಡಿದೆ (ನಮ್ಮ ಮೊಮ್ಮಗನ ಕೈಯಷ್ಟೂ ಇಲ್ಲ, ಅದಕ್ಕ ಅಷ್ಟು ಮಂದಿ ನಿಂತಿರ್ತಾರ). ಆಮ್ಯಾಲೆ ಬ್ಯಾಸರ ಆತು. ಸೊಸಿ ಅದನ್ನ ಹಿಡದ್ಲು. "ಅಮ್ಮಾ, ನಿಮಗ ನೋಡೋದಕ್ಕಿಂತ ಮಾಡೋದು ಸೇರ್ತದ" ಅಂದು ಪ್ರವಾಸಿಗರಿಗಂತ ನಡಸೋ ಈ ಕ್ಲಾಸು ಹುಡುಕಿದ್ಲು. ವಾಫಲ್ ಕೈಯಾರೆ ಮಾಡಿ ಕಲಿಯೋದು, ಅಲ್ಲಿನ ಬಿಯರ್ ರುಚಿ ನೋಡೋದು, ಎರಡೂವರೆ ತಾಸು, ತಲಿಗೆ 70 ಯೂರೋ. ನಮ್ಮ ಲೆಕ್ಕದಾಗ ಹತ್ರ ಹತ್ರ 7000 ರೂಪಾಯಿ. ಅತ್ತಿ ಕೈ ಸುಮ್ನ ಕೂಡೂದಿಲ್ಲ ಅಂತ ತಿಳದು ತನ್ನ ಪಗಾರ ಖರ್ಚು ಮಾಡಿದ ಹುಡುಗಿ ಆಕಿ. ಬೈಯೋರು ಇದನ್ನೊಂದು ತಲ್ಯಾಗ ಇಟಗೋರಿ.

ಹನ್ನೆರಡು ಮಂದಿ ಇದ್ವಿ. ಅಮೆರಿಕಾದವರು, ಕೊರಿಯಾದ ಇಬ್ಬರು ಗೆಳತ್ಯಾರು, ಮಲೇಷ್ಯಾದಿಂದ ಬಂದ ತಲಿ ಮ್ಯಾಲೆ ವಸ್ತ್ರ ಹೊದ್ದ ಒಬ್ಬ ಹುಡುಗಿ, ನಾವು. ಕಲಸೋ ಹುಡುಗ ಭಾಳ ನಗುಮುಖದಾಂವ, ಅವನ ಮ್ಯಾಲೆ ನಂದೇನೂ ತಕರಾರಿಲ್ಲ. ತಕರಾರು ಇದ್ದದ್ದು ಟೇಬಲ್ ಕೆಳಗಿನ ಬಕೀಟಿನ ಮ್ಯಾಲೆ. ಹಿಟ್ಟು ಮೊದಲ ಕಲಸಿ ಅದ್ರಾಗ ತುಂಬಿಟ್ಟಿದ್ರು! ನಮ್ಮ ಕೈಯಾಗ ಒಂದೊಂದು ತಂತಿ ಕಡಗೋಲು ಕೊಟ್ಟು "ತಿರುವ್ರಿ" ಅಂದ. ನಾಕು ಸುತ್ತು ತಿರುವಿದ್ವಿ, ಫೋಟೋ ಆತು. ಒಂದು ಸೌಟು ಹಿಟ್ಟು ಕರೆಂಟಿನ ಅಚ್ಚಿನಾಗ ಹಾಕಿ ಮುಚ್ಚಿದ್ವಿ, ಅದು ಕುಂಯ್ ಅಂತು, ತಗದ್ವಿ. ಮ್ಯಾಲೆ ಚಾಕಲೇಟು, ಸ್ಟ್ರಾಬೆರಿ, ಹಾಲಿನ ಕೆನಿ. ಕೈಯಾರೆ ಮಾಡಿದ್ದು ಅಂದ್ರ ಇಷ್ಟ. ನಮ್ಮ ಮನ್ಯಾಗ ಆರು ವರ್ಷದ ಕೂಸು ಪಡ್ಡಿನ ಹಂಚಿಗೆ ಇದಕ್ಕಿಂತ ಜಾಸ್ತಿ ಕೈ ಹಚ್ಚತದ.

ನನಗ ಸುಮ್ನಿರ್ಲಿಕ್ಕೆ ಆಗ್ಲಿಲ್ಲ. "ಈ ಹಿಟ್ಟು ಯಾವಾಗ ಕಲಸಿದ್ರಿ, ಉಬ್ಬಲಿಕ್ಕೆ ಏನು ಹಾಕೀರಿ ಕೇಳು" ಅಂದೆ ಸೊಸಿಗೆ. ಬೇಕಿಂಗ್ ಪೌಡರ್ ಅಂತ. ಕಲಸಿದ ಕೂಡ್ಲೆ ಹಾಕಬಹುದು, ಕಾಯೋದ ಬ್ಯಾಡ, ಅದ ಇದರ ಸವಲತ್ತು ಅಂದ. ಅಂವ ಹೆಮ್ಮಿಲೆ ಹೇಳಿದ. ನನಗ ಅಲ್ಲೇ ಮನಸು ಮುರೀತು.

ಯಾಕಂತ ಹೇಳ್ತೇನಿ. ಬೆಲ್ಜಿಯಮ್ಮಿನಾಗ ಮುಖ್ಯ ಎರಡು ಥರದ ವಾಫಲ್ ಅವ. ಬ್ರಸೆಲ್ಸಿಂದು ಆಯತಾಕಾರ, ಆಳವಾದ ಚೌಕ, ತೆಳ್ಳನ ಹಿಟ್ಟಿಂದು, ಹೊರಗ ಗರಿಗರಿ ಒಳಗ ಹಗೂರ, ಮ್ಯಾಲೆ ಬರೇ ಸಕ್ಕರಿ ಪುಡಿ ಉದುರಸ್ತಾರ. ಇನ್ನೊಂದು ಲೀಏಜ್ ಊರಿಂದು. ಅದು ಗಟ್ಟಿ ಕಣಕ, ಬೆಣ್ಣಿ ಭಾಳ, ಅದಕ್ಕ ಮುತ್ತಿನಂಥಾ ಸಕ್ಕರಿ ಹರಳು ಹಾಕ್ತಾರ. ಹಿಟ್ಟು ಉಬ್ಬಿದ ಮ್ಯಾಲೆ, ಕಡೀಕ ಹಾಕಬೇಕು. ಅಚ್ಚಿನ ಬಿಸಿಗೆ ಆ ಹರಳು ಅರ್ಧ ಕರಗಿ ಕಂದು ಬಣ್ಣಕ್ಕ ಬಂದು ಹೊರಗ ಅಂಟಿ ಕೂತಿರ್ತಾವ, ಒಳಗ ಕಟಕಟ ಅಂತಾವ. ಎರಡರ ಹಿಟ್ಟಿನ ಜೀವಾನೂ ಈಸ್ಟು. ಕಾಯ್ದರನ ಅದು ವಾಫಲ್. ಕಾಯೋದು ತಗದ್ರ ಉಳಿಯೋದು ಚೌಕ ಚೌಕದ ಸಿಹಿ ದೋಶಿ.

ಈಗ ಮುಖ್ಯ ಮಾತಿಗೆ ಬರ್ತೇನಿ. ವಾಫಲ್ ಮುಗದ ಮ್ಯಾಲೆ ನಮ್ಮನ್ನ ಟೇಬಲ್ಲಿನ ಆ ತುದಿಗೆ ಕರದು ಐದು ಸಣ್ಣ ಗ್ಲಾಸು ಇಟ್ರು. ಇದ್ರಾಗ ಬಾಳಿಹಣ್ಣಿನ ವಾಸನಿ ಬರ್ತದ ನೋಡ್ರಿ, ಇದ್ರಾಗ ಲವಂಗದ್ದು ನೋಡ್ರಿ ಅಂತ ಹೇಳ್ಕೋತ ಹೋದ. ಆ ಬಾಳಿಹಣ್ಣು, ಆ ಲವಂಗ ಯಾರೂ ಒಳಗ ಹಾಕಿದ್ದಲ್ಲ. ಈಸ್ಟು ಮಾಡಿದ ಕೆಲಸ ಅದು. ಯುರೋಪಿನಾಗ ಅಂಗಡಿ ಈಸ್ಟು ಬರೋಕಿಂತ ಮೊದಲ ಬ್ರೆಡ್ಡಿಗೆ, ಇಂಥಾ ತಿಂಡಿ ಹಿಟ್ಟಿಗೆ ಹುದುಗು ತರ್ತಿದ್ದದ್ದೂ ಬಿಯರ್ ಕಾಸೋ ಮನಿಯಿಂದನ, ಮ್ಯಾಲೆ ಬಂದ ನೊರಿ ತಗೊಂಡು. ಅಂದ್ರ ಬಿಯರ್, ವಾಫಲ್ ಒಂದ ತೊಟ್ಟಿಲಾಗ ಬೆಳದ ಅಕ್ಕ-ತಂಗಿ. ಒಂದ ಕೋಣ್ಯಾಗ, ಒಂದ ಟೇಬಲ್ ಮ್ಯಾಲೆ ಎರಡನ್ನೂ ಇಟ್ಟು, ಅವೆರಡೂ ಅಕ್ಕ-ತಂಗಿ ಅನ್ನೋ ಒಂದು ಮಾತು ಎರಡೂವರೆ ತಾಸಿನಾಗ ಹೇಳ್ಲಿಲ್ಲ ಅಂದ್ರ, 70 ಯೂರೋ ತಗೊಂಡು ಏನು ಕಲಿಸಿದಂಗಾತು?

ಪ್ರವಾಸಿಗರ ಹತ್ರ ವ್ಯಾಳ್ಯಾ ಇರೂದಿಲ್ಲ, ಈಸ್ಟಿನ ಹಿಟ್ಟಿಗೆ ಒಂದು ತಾಸು ಕಾಯಬೇಕು, ಅದಕ್ಕ ಪೌಡರ್ ಅಂತ ಅಂವ ಸೊಸಿಗೆ ಸಮಾಧಾನ ಹೇಳಿದ. ಅಡಗಿ ಮಾಡೋ ಯಾವ ಹೆಂಗಸರಿಗಾದ್ರೂ ಕೇಳ್ರಿ, ಇದಕ್ಕ ಪರಿಹಾರ ಅರ್ಧ ನಿಮಿಷದಾಗ ಹೇಳ್ತಾಳ. ಬಂದ ಕೂಡ್ಲೆ ಎಲ್ಲಾರ ಕಡಿಂದ ಹಿಟ್ಟು ಕಲಸ್ರಿ, ಮುಚ್ಚಿಡ್ರಿ. ಅದು ಉಬ್ಬೋ ಒಂದು ತಾಸು ಬಿಯರಿನ ಕಥಿ ಹೇಳ್ರಿ. ಕಡೀಕ ಸುಡ್ರಿ. ನಾವು ಕುಕ್ಕರ್ ಏರಿಸಿ ಕಾಯಿಪಲ್ಯ ಹೆಚ್ಚೂದಿಲ್ಲೇನು? ಇವರು ವಾಫಲ್ ಮೊದಲ ತಿನಿಸಿ, ಬಿಯರ್ ಆಮ್ಯಾಲೆ ಕುಡಿಸಿ, ಕಡೀ ಗ್ಲಾಸಿನಾಗ ನೂರಕ್ಕ ಒಂಬತ್ತರ ಮ್ಯಾಲೆ ಅಮಲಿದ್ದ ಬಿಯರ್ ಹಾಕಿ ಮೆಟ್ಟಿಲ ಕಡೆ ಕೈ ತೋರಿಸಿದ್ರು. ಸೊಸಿ ನನ್ನ ರಟ್ಟಿ ಹಿಡಕೊಂಡ ಇಳಿಸಿದ್ಲು. ನಾ ಪ್ರತಿಯೊಂದ್ರಾಗೂ ಒಂದೊಂದು ಗುಟುಕು ತಗೊಂಡಿದ್ದೆ, ಮುಚ್ಚಿಡೋದೇನದ. ರಟ್ಟಿ ಹಿಡದದ್ದು ಮೊಣಕಾಲಿನ ಸಲುವಾಗಿ, ಅದನ್ನೂ ಬರೀತೇನಿ, ಇಲ್ಲಂದ್ರ ಅದಕ್ಕೊಂದು ಕಥಿ ಕಟ್ಟತೀರಿ.

ಆ ಮಲೇಷ್ಯಾದ ಹುಡುಗಿಗೆ ಏನು ಮಾಡಿದ್ರು ಗೊತ್ತದ ಏನು? "ಕುಡಿಯೂದಿಲ್ಲ" ಅಂದ್ಲು, ಒಂದು ಕೋಲಾ ಡಬ್ಬಿ ಕೈಯಾಗಿಟ್ರು. ಒಂದು ತಾಸು ಸುಮ್ನ ಕೂತ್ಲು ಪಾಪ. ರೊಕ್ಕ ಮಾತ್ರ ಆಕಿನೂ ಪೂರಾ ಕೊಟ್ಟಾಕಿ. ಕುಡೀಲಾರದವರಿಗೂ ತೋರಿಸ್ಲಿಕ್ಕೆ ಎಷ್ಟದ! ಹುರಿದ ಬಾರ್ಲಿ ಮೊಳಕಿ ಬಾಯಾಗ ಹಾಕಿ ಜಗೀಬಹುದು. ಹಾಪ್ ಹೂವು ಅಂಗೈಯಾಗ ತಿಕ್ಕಿ ಮೂಸಬಹುದು. ಅಲ್ಲಿನ ಬಿಳಿ ಬಿಯರಿಗೆ ಕಿತ್ತಳಿ ಸಿಪ್ಪಿ ಜೋಡಿ ಏನು ಹಾಕ್ತಾರ ಹೇಳ್ರಿ ನೋಡೋಣ? ಹವೀಜ! ನಾವು ಸಾರಿನಪುಡಿಗೆ ಹುರಿಯೋ ಅದ ಹವೀಜ. ಆ ಬಿಯರ್ ಹೂಗಾರ್ಡನ್ ಅನ್ನೋ ಹಳ್ಳಿದು, ಮಾಡೋರಿಲ್ಲದ 1950ರ ದಶಕದಾಗ ನಿಂತ ಹೋಗಿತ್ತು. ಮೊದಲ ಮನಿ ಮನಿಗೆ ಹಾಲು ಹಾಕ್ತಿದ್ದ ಪಿಯೆರ್ ಸೆಲಿಸ್ ಅನ್ನಾಂವ 1966ರಾಗ ಮತ್ತ ಶುರು ಮಾಡಿದ. ಇಂಥಾ ಕಥಿಗೆ ಗ್ಲಾಸು ಬೇಕೇನು?

ಇನ್ನು ನಿಮ್ಮ ಕಡೆ ತಿರಗತೇನಿ. ನೀವು "ಶೆರೆ" ಅಂತ ಒಂದ ಮಾತಿನಾಗ ಬಾಗಲಾ ಹಾಕಿದ್ರಿ. ಮುಂದಿನ ವಾರ ಸೊಸಿ ನನ್ನ ಬ್ರಸೆಲ್ಸಿನ ಆಂಡರ್ಲೆಕ್ಟ್ ಭಾಗದಾಗಿರೋ ಕಾಂಟಿಯೋಂ ಅನ್ನೋ ಬಿಯರ್ ಮನಿಗೆ ಕರಕೊಂಡು ಹೋದ್ಲು, 1900ರಿಂದ ನಡದದ್ದು, ಈಗ ಮ್ಯೂಸಿಯಮ್ಮೂ ಹೌದು. (ಇದರ ಫೋಟೋ ಗ್ರೂಪಿಗೆ ಬರ್ಲಿಲ್ಲ, ಅದಕ್ಕ ನಿಮಗ ಗೊತ್ತಿಲ್ಲ.) ಅಟ್ಟದ ಮ್ಯಾಲೆ ತಾಮ್ರದ ಒಂದು ಪರಾತ, ಕೋಣಿ ಅಷ್ಟು ದೊಡ್ಡದು. ಗೋದಿ ಮತ್ತ ಬಾರ್ಲಿ ಮೊಳಕಿ ಕುದಿಸಿದ ರಸ ಅದ್ರಾಗ ಹಾಕಿ ರಾತ್ರಿಯೆಲ್ಲಾ ತೆರದು ಬಿಡ್ತಾರ. ಈಸ್ಟು ಹಾಕೂದಿಲ್ಲ. ಆ ಗಾಳಿಯೊಳಗ, ಆ ಕಟ್ಟಿಗಿಯೊಳಗ ಇದ್ದದ್ದ ಬಂದು ಕೂಡ್ತದ. ಥಂಡಿ ದಿನದಾಗ ಅಷ್ಟ ಮಾಡ್ತಾರ, ಬ್ಯಾಸಗ್ಯಾಗ ಮಾಡಿದ್ರ ಕೆಡತದ. ಆಮ್ಯಾಲೆ ಪೀಪಾಯಿಯೊಳಗ ವರ್ಷಗಟ್ಲೆ ಇಟ್ಟು, ಒಂದು ವರ್ಷದ್ದು, ಎರಡು ವರ್ಷದ್ದು, ಮೂರು ವರ್ಷದ್ದು ಕೂಡಿಸಿ ಗೂಜ್ ಅನ್ನೋ ಬಿಯರ್ ಮಾಡ್ತಾರ. ನಾ ಆ ಪರಾತದ ಮುಂದ ನಿಂತು ನಮ್ಮವ್ವನ್ನ ನೆನಸಿದೆ. ದೋಶಿ ಹಿಟ್ಟಿಗೆ ಆಕಿ ಏನು ಹಾಕ್ತಿದ್ಲು? ಏನೂ ಇಲ್ಲ. ರುಬ್ಬಿ ಮುಚ್ಚಿಡ್ತಿದ್ಲು, ಡಿಸೆಂಬರದಾಗ ಧಾರವಾಡದ ಥಂಡಿಗೆ ಡಬ್ಬಿಗೆ ಕಂಬಳಿ ಹೊಚ್ಚತಿದ್ಲು, ಬ್ಯಾಸಗಿಗೆ ಮುಂಜಾನೆ ಹತ್ತರೊಳಗ ಹುಳಿ ಹೆಚ್ಚಾತು ಅಂತ ಬೈಕೋತ ಎಲ್ಲಾ ಒಮ್ಮೆಲೆ ಹುಯ್ಯತಿದ್ಲು. ಆ ಗೂಜಿನ ರುಚಿ ನಾಕು ದಿನದ ಹುಳಿ ಮಜ್ಜಿಗಿ ಥರ ಇತ್ತು. ನನಗ ಸೇರ್ಲಿಲ್ಲ. ಆದ್ರ ಅದು ಏನಂತ ತಿಳೀತು.

2016ರಾಗ ಯುನೆಸ್ಕೋದವರು ಬೆಲ್ಜಿಯಮ್ಮಿನ ಬಿಯರ್ ಸಂಸ್ಕೃತಿನ ಮನುಕುಲದ ಪರಂಪರಾ ಪಟ್ಟಿಗೆ ಸೇರಿಸಿದ್ರು. ಕ್ಲಾಸಿನ ಗ್ವಾಡಿ ಮ್ಯಾಲೆ ಅದನ್ನ ಚೌಕಟ್ಟು ಹಾಕಿ ತೂಗಹಾಕಿದ್ರು. ಪರಂಪರಾ ಅಂದ ಮ್ಯಾಲೆ ಅದನ್ನ ಹೊತಗೊಂಡು ಬಂದವರ ಹೆಸರು ಹೇಳಬೇಕಲ್ಲ? ಔಡೆನಾರ್ಡೆ ಊರಿನ ಲೀಫ್‌ಮನ್ಸ್ ಅನ್ನೋ ಬಿಯರ್ ಕಾರಖಾನಿಗೆ ರೋಸಾ ಮೆರ್ಕ್ಸ್ ಅನ್ನಾಕಿ ಕಾರಕೂನಕಿ ಆಗಿ ಸೇರಿ, ಮುಂದ ತಾನ ಬಿಯರ್ ಮಾಡೋ ಮುಖ್ಯಸ್ಥಳಾದ್ಲು. ಆಕಿ ಸುದ್ದಿ ಇಲ್ಲ. 1964ರ ನ್ಯೂಯಾರ್ಕ್ ಜಾಗತಿಕ ಮೇಳದಾಗ ವಾಫಲ್ ಮ್ಯಾಲೆ ಸ್ಟ್ರಾಬೆರಿ, ಕೆನಿ ಹಾಕಿ ಮಾರಿ ಅಮೆರಿಕಾಕ್ಕೆಲ್ಲಾ ಹುಚ್ಚು ಹಿಡಿಸಿದ ಮೋರಿಸ್ ವೆರ್ಮೆರ್ಶ್ ಹೆಸರು ಮಾತ್ರ ಹೇಳಿದ್ರು. ಮಾಡೋ ಅಳತಿ ಅವನ ಹೆಂಡ್ತಿ ರೋಸ್‌ಳದು, ಅದೂ ಈಸ್ಟಿನ ಹಿಟ್ಟು. ಅಷ್ಟು ಹೇಳ್ಲಿಲ್ಲ. 1559ರಾಗ ಬ್ರೂಗೆಲ್ ಬರದ ಹಬ್ಬದ ಚಿತ್ರದಾಗನೂ ಬೆಂಕಿ ಮುಂದ ಕೂತು ವಾಫಲ್ ಸುಡ್ಲಿಕತ್ತಾಕಿ ಹೆಂಗಸ. ಐದು ನೂರು ವರ್ಷ ಹೆಂಗಸರು ಕಾಯ್ದು ಉಬ್ಬಿಸಿದ್ದನ್ನ ಬಕೀಟಿನಾಗ ತುಂಬಿ ಟಿಕೀಟಿಗೆ ಮಾರ್ತಾರ. ಅಲ್ಲಿ ನಿಂತು ನನಗ ಉರದದ್ದು ಇದಕ್ಕ.

ಒಬ್ಬಾಕಿ ಮಾತಿಗೆ ಮಾತ್ರ ನಾ ವಾದ ಹೂಡೂದಿಲ್ಲ. ನಮ್ಮ ಹಿಂದಿನ ಓಣಿಯಾಕಿ. ಆಕಿ ಮಂಗಳಸೂತ್ರದ ಬಂಗಾರ ಸುದ್ದಾ ಶೆರೆ ಅಂಗಡಿಗೆ ಹೋಗೇದ, ನಮಗೆಲ್ಲಾ ಗೊತ್ತದ. "ನೀವು ಹಂಗ ನಕ್ಕೋತ ಗ್ಲಾಸು ಹಿಡದದ್ದು ನೋಡಿ ಸಂಕಟ ಆತ್ರಿ ಅಕ್ಕಾರ" ಅಂದ್ಲು. ಆಕಿ ಸಂಕಟಕ್ಕ ಬೆಲ್ಜಿಯಮ್ಮಿನ ಪರಂಪರಾ ಉತ್ತರ ಆಗೂದಿಲ್ಲ. ಆ ಫೋಟೋ ತಗಸೇನಿ. ಆದ್ರ ಉಳದವರು, ಆಕಿ ದುಃಖ ಮುಂದ ಮಾಡಿ ನನ್ನ ಸೊಸಿಗೆ ಕಲ್ಲು ಒಗೀಬ್ಯಾಡ್ರಿ. ಆಕಿ ಮನಿಗೆ ಕಷ್ಟ ಬಂದಾಗ ಅಕ್ಕಿ ಕಳಿಸಿದವರೆಷ್ಟು ಮಂದಿ ಅಂತನೂ ನನಗ ಗೊತ್ತದ.

ನಿಮ್ಮ ಮಕ್ಕಳೂ ಆ ಕಡೆ ಅದಾರ, ನಾಳೆ ನಿಮ್ಮನ್ನೂ ಕರಕೊಂಡು ಹೋಗ್ತಾರ. ಹೋಗ್ರಿ. ರೊಕ್ಕ ಕೊಡೋ ಮೊದಲ ಕೇಳ್ರಿ: ಹಿಟ್ಟು ಯಾರು ಕಲಸೋದು, ಈಸ್ಟಿಂದೋ ಪೌಡರಿಂದೋ, ಕುಡೀಲಾರದವರಿಗೆ ಏನು ತೋರಿಸ್ತೀರಿ. ತತ್ತಿ ನಡಿಯೂದಿಲ್ಲಂದ್ರ ಅದನ್ನೂ ಮೊದಲ ಹೇಳ್ರಿ. ಸೊಸಿ ನನ್ನ ಸಲುವಾಗಿ ಬರದು ಕೇಳಿದ್ಲು, ಹೂಂ ಅಂದಿದ್ರು, ಹೋದ್ರ ಎಲ್ಲಾರಿಗೂ ಅದ ಬಕೀಟು. (ನಾ ತಿಂದೆ. ಹೊರಗ ನಾ ತತ್ತಿ ತಿಂತೇನಿ, ನಿಮಗೆಲ್ಲಾ ಗೊತ್ತಿದ್ದದ್ದ.)

ಬರೋ ಮುಂದ ಆ ಮುತ್ತಿನ ಸಕ್ಕರಿ ಎರಡು ಪಾಕೀಟು, ಹಳೇ ಸಾಮಾನಿನ ಸಂತಿಯಾಗ ಉದ್ದ ಹಿಡಕಿಯ ಕಬ್ಬಿಣದ ಅಚ್ಚು ಒಂದು ತಂದೇನಿ, ಗ್ಯಾಸಿನ ಮ್ಯಾಲೆ ನಡೀತದ. ದಸರಾಕ್ಕ ಸೊಸಿ ಬರ್ತಾಳ. ಹಿಟ್ಟು ಹಿಂದಿನ ರಾತ್ರಿ ಆಕಿನ ಕಲಸ್ತಾಳ. ಮಾವಶಿ, ನಿಮಗ ತತ್ತಿ ಇಲ್ಲದ್ದು ಬ್ಯಾರೆ ಡಬ್ಬಿಯೊಳಗ ಇಡಸ್ತೇನಿ, ಸಂಜಿ ಐದಕ್ಕ ಬರ್ರಿ.