ಕಾಲೇಜು ಸೇರಿದವರು ಕೇಳಬೇಕಾದದ್ದು

ಪ್ರತಿವರ್ಷವೂ ಮಳೆಗಾಲದ ದಿನಗಳಲ್ಲಿ ನಮ್ಮ ಕರಾವಳಿಯ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಾರೆ. ಕಾಪು, ಕಾರ್ಕಳ ಮತ್ತು ಅವುಗಳ ಆಸುಪಾಸಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಉಡುಪಿಗೂ ಮಣಿಪಾಲಕ್ಕೂ ಬರುವವರು ಅವರಲ್ಲಿ ಅನೇಕರು. ಸೇರಿದ ಕೆಲವೇ ದಿನಗಳಲ್ಲಿ ಅವರ ಕೈಗೆ ಒಂದು ವೇಳಾಪಟ್ಟಿ ದೊರೆಯುತ್ತದೆ. ಯಾವ ಗಂಟೆಗೆ ಯಾವ ಕೊಠಡಿಯಲ್ಲಿ ಯಾವ ಪಾಠ ಎಂಬುದನ್ನು ಅದು ತಿಳಿಸುತ್ತದೆ. ಆದರೆ ಕಾಲೇಜು ತನ್ನ ವಿದ್ಯಾರ್ಥಿಗೆ ಕೊಡಬಲ್ಲ ಸಂಗತಿಗಳಲ್ಲಿ ಬಹುಭಾಗವು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಗ್ರಂಥಾಲಯದ ಒಳಕಪಾಟುಗಳು, ಪ್ರಯೋಗಶಾಲೆಯ ಬಿಡುವಿನ ವೇಳೆ, ವಿಜ್ಞಾನ ಸಂಘ, ಆಕಾಶವೀಕ್ಷಣೆ, ಪ್ರವಾಸ, ಬೇಸಿಗೆಯ ಶಿಬಿರ, ವಿದ್ಯಾರ್ಥಿವೇತನ ಇವೆಲ್ಲ ಕೇಳಿದವರಿಗೆ ದೊರೆಯುತ್ತವೆ. ಕೇಳದವರ ಪಾಲಿಗೆ ಇದ್ದೂ ಇಲ್ಲದಂತಾಗುತ್ತವೆ.

ಇಲ್ಲಿ ಒಂದು ಅನ್ಯಾಯವು ಅಡಗಿದೆ. ಕೇಳುವ ಧೈರ್ಯವೂ ತಿಳಿವಳಿಕೆಯೂ ಎಲ್ಲರಿಗೂ ಸಮನಾಗಿ ಬಂದಿರುವುದಿಲ್ಲ. ತಂದೆತಾಯಿಗಳೋ ಅಣ್ಣಅಕ್ಕಂದಿರೋ ಕಾಲೇಜು ಕಂಡಿರುವ ಮನೆಯಲ್ಲಿ, ಯಾರನ್ನು ಯಾವಾಗ ಏನು ಕೇಳಬೇಕು ಎಂಬುದು ಊಟದ ಹೊತ್ತಿನ ಮಾತಿನಲ್ಲಿಯೇ ಮಕ್ಕಳಿಗೆ ತಿಳಿದುಬರುತ್ತದೆ. ತಮ್ಮ ಮನೆಯಿಂದ ಮೊತ್ತಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಹಾಗೆ ಹೇಳುವವರು ಯಾರೂ ಇಲ್ಲ. ಇಬ್ಬರೂ ತೆತ್ತ ಶುಲ್ಕ ಒಂದೇ ಆದರೂ ಒಬ್ಬರಿಗೆ ಇಡೀ ಕಾಲೇಜು ದೊರೆಯುತ್ತದೆ; ಇನ್ನೊಬ್ಬರಿಗೆ ಪಾಠದ ಕೊಠಡಿ ಮಾತ್ರ ದೊರೆಯುತ್ತದೆ. ಆದುದರಿಂದ ಕೇಳುವುದನ್ನು ಕಲಿಸುವುದು ಕಾಲೇಜಿನ ಕರ್ತವ್ಯಗಳಲ್ಲಿ ಒಂದಾಗಬೇಕು. ಅದನ್ನು ಕಲಿಯುವುದು ಮೊದಲ ವರ್ಷದ ವಿದ್ಯಾರ್ಥಿಯ ಮೊದಲ ಪಾಠವಾಗಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಗ್ರಂಥಾಲಯದಿಂದಲೇ ಆರಂಭಿಸೋಣ. ಭಾರತದಲ್ಲಿ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ (1892–1972) ಅವರು ಮೊದಲಿಗೆ ಗಣಿತದ ಅಧ್ಯಾಪಕರು. 1917ರಲ್ಲಿ ಅವರು ಕೆಲಸಕ್ಕೆ ಸೇರಿದ್ದು ನಮ್ಮ ನೆರೆಯ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಬಳಿಕ ಅವರು ಲಂಡನ್ನಿಗೆ ಹೋಗಿ ಈ ಶಾಸ್ತ್ರವನ್ನು ಅಭ್ಯಾಸ ಮಾಡಿದರು. 1931ರಲ್ಲಿ ಅವರು ಗ್ರಂಥಾಲಯಗಳಿಗೆ ಐದು ಸೂತ್ರಗಳನ್ನು ರಚಿಸಿಕೊಟ್ಟರು. ಪುಸ್ತಕವನ್ನು ಬೀಗ ಹಾಕಿ ಕಾಯುವುದಕ್ಕಿಂತ ಓದುವವರ ಕೈಗೆ ತಲಪಿಸುವುದೇ ಮುಖ್ಯವೆಂಬುದು ಅವುಗಳ ತಿರುಳು. ಆ ಸೂತ್ರಗಳು ಇಂದು ಲೋಕದ ಎಲ್ಲೆಡೆಯೂ ಮಾನ್ಯವಾಗಿವೆ. ಆದರೂ ನಮ್ಮ ಬಹುಮಂದಿ ವಿದ್ಯಾರ್ಥಿಗಳು ಪಠ್ಯಪುಸ್ತಕವೊಂದನ್ನು ಪಡೆಯುವುದಕ್ಕೂ ಹಿಂದಿರುಗಿಸುವುದಕ್ಕೂ ಮಾತ್ರವೇ ಗ್ರಂಥಾಲಯದ ಬಾಗಿಲಿಗೆ ಹೋಗುತ್ತಾರೆ.

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಅಂಕೆಗಳ ಅರ್ಥವನ್ನು ಎಷ್ಟು ಮಂದಿ ಬಲ್ಲರು? ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನು ಅನೇಕ ಕಾಲೇಜುಗಳು ಅನುಸರಿಸುತ್ತವೆ. ಅದರಲ್ಲಿ 500ರಿಂದ 599ರವರೆಗಿನ ಅಂಕೆಗಳು ವಿಜ್ಞಾನಕ್ಕೆ ಮೀಸಲು. 510 ಗಣಿತ, 520 ಖಗೋಳಶಾಸ್ತ್ರ, 530 ಭೌತಶಾಸ್ತ್ರ, 540 ರಸಾಯನಶಾಸ್ತ್ರ, 550 ಭೂವಿಜ್ಞಾನ, 580 ಸಸ್ಯಗಳು, 590 ಪ್ರಾಣಿಗಳು. ಇಷ್ಟನ್ನು ತಿಳಿದವರು ಬೇಕಾದ ಪುಸ್ತಕವನ್ನು ತಾವೇ ಹುಡುಕಿಕೊಳ್ಳುವರು. ಅಷ್ಟೇ ಅಲ್ಲದೆ ಅದರ ಮಗ್ಗುಲಲ್ಲಿರುವ, ಹೆಸರೇ ಕೇಳಿರದ ಮತ್ತೊಂದು ಪುಸ್ತಕವನ್ನೂ ಕಾಣುವರು. ಈ ಎರಡನೆಯ ಲಾಭವೇ ದೊಡ್ಡದು. ಗ್ರಂಥಪಾಲಕರ ಬಳಿಗೆ ಹೋಗಿ, “ಇಲ್ಲಿ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಇರಿಸಿದ್ದೀರಿ? ದಯವಿಟ್ಟು ತೋರಿಸುವಿರಾ?” ಎಂದು ಕೇಳಲು ಐದು ನಿಮಿಷ ಸಾಕು.

ಗ್ರಂಥಗಳ ಬೆಲೆ ಏನೆಂಬುದಕ್ಕೆ ಉಡುಪಿಯಲ್ಲಿಯೇ ನಿದರ್ಶನವಿದೆ. 1949ರಲ್ಲಿ ಸ್ಥಾಪಿತವಾದ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಗೋವಿಂದ ಪೈ (1883–1963) ಅವರು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರ ಅನಾರೋಗ್ಯದ ಕಾರಣ ಊರಿಗೆ ಮರಳಬೇಕಾಯಿತು, ಪದವಿಯನ್ನು ಪೂರೈಸಲಾಗಲಿಲ್ಲ. ಆದರೆ ಅವರ ವ್ಯಾಸಂಗ ನಿಲ್ಲಲಿಲ್ಲ. ಮಂಜೇಶ್ವರದ ಮನೆಯಲ್ಲಿ ಪುಸ್ತಕಗಳನ್ನು ಕೂಡಿಸಿಕೊಂಡು ಹಲವು ಭಾಷೆಗಳನ್ನು ಕಲಿತು, ಕವಿಯಾಗಿಯೂ ಸಂಶೋಧಕರಾಗಿಯೂ ಹೆಸರಾದರು.

ಅದೇ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಕಾರ್ಯವು ಆರಂಭವಾಯಿತು. ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಅದು 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಹೊರಬಂದಿತು. ಇದು ಭಾಷೆಯ ವಿಷಯವಲ್ಲವೇ, ವಿಜ್ಞಾನ ಪತ್ರಿಕೆಯಲ್ಲಿ ಇದರ ಮಾತೇಕೆ ಎಂದು ಕೆಲವರು ಕೇಳಬಹುದು. ಸಾವಿರಾರು ಮಾತುಗಳನ್ನು ಆಡುವವರ ಬಾಯಿಂದಲೇ ಸಂಗ್ರಹಿಸುವುದು, ಒಂದೇ ವಸ್ತುವಿಗೆ ಬೇರೆ ಬೇರೆ ಊರಿನವರು ಹೇಳುವ ಹೆಸರುಗಳನ್ನು ಹೋಲಿಸುವುದು, ಸಂದೇಹ ಬಂದಲ್ಲಿ ಮತ್ತೆ ಹೋಗಿ ವಿಚಾರಿಸುವುದು, ಇವೆಲ್ಲ ವಿಜ್ಞಾನದ ವಿಧಾನವೇ ಸರಿ. ತನ್ನ ಅಜ್ಜಿಯ ಮಾತು ಕೂಡ ಸಂಶೋಧನೆಯ ಸಾಮಗ್ರಿಯಾಗಬಲ್ಲದೆಂದು ಕಂಡುಕೊಂಡ ವಿದ್ಯಾರ್ಥಿನಿಗೆ ವಿದ್ಯೆಯು ಪರರ ಸೊತ್ತೆಂದು ಇನ್ನು ತೋರದು.

ಇನ್ನು ಆಕಾಶದ ಕಡೆಗೆ ತಿರುಗೋಣ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘವೊಂದು ಬೆಳೆದುಬಂದಿದೆ. ಇಂತಹ ಸಂಘವನ್ನು ಸೇರಲು ದೊಡ್ಡ ದೂರದರ್ಶಕವಾಗಲಿ ಹೆಚ್ಚಿನ ಗಣಿತವಾಗಲಿ ಬೇಕಾಗಿಲ್ಲ. ಒಂದು ಉದಾಹರಣೆ ನೋಡಿರಿ. ಉಡುಪಿಯು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯನು ವರ್ಷಕ್ಕೆ ಎರಡು ಸಲ, ಏಪ್ರಿಲ್ ತಿಂಗಳ ಕೊನೆಯ ವಾರದಲ್ಲೊಮ್ಮೆ ಮತ್ತು ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ, ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟಿನ ದಿನವನ್ನು ನಮ್ಮ ಮಳೆಮೋಡಗಳು ನುಂಗಿಬಿಡುವುದೇ ಹೆಚ್ಚು; ಏಪ್ರಿಲಿನ ದಿನವಾದರೋ ಚೆನ್ನಾಗಿ ಕಾಣಸಿಗುತ್ತದೆ. ಗಡಿಯಾರದಲ್ಲಿ ಆಗ ಸುಮಾರು ಹನ್ನೆರಡೂವರೆ ಗಂಟೆ.

ಅದೇ ದಿನ, ಅದೇ ಮಧ್ಯಾಹ್ನ, ಧಾರವಾಡದ ಕಾಲೇಜೊಂದರಲ್ಲಿರುವ ನಿಮ್ಮ ಗೆಳೆಯರು ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟು ಅದರ ಅತ್ಯಂತ ಗಿಡ್ಡ ನೆರಳನ್ನು ಅಳೆಯಲಿ. ಅದು ಸುಮಾರು 3.7 ಸೆಂಟಿಮೀಟರ್ ಇರುತ್ತದೆ. ಅಂದರೆ ಅಲ್ಲಿ ಸೂರ್ಯನು ನೆತ್ತಿಯಿಂದ 2.1 ಡಿಗ್ರಿಯಷ್ಟು ಸರಿದಿದ್ದಾನೆ. ಉಡುಪಿಗೂ ಧಾರವಾಡಕ್ಕೂ ಉತ್ತರ ದಕ್ಷಿಣವಾಗಿ ಇರುವ ಅಂತರ ಸುಮಾರು 235 ಕಿಲೋಮೀಟರ್. 2.1 ಡಿಗ್ರಿಗೆ 235 ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು? ಸುಮಾರು 40,000 ಕಿಲೋಮೀಟರ್. ಇದೇ ಭೂಮಿಯ ಸುತ್ತಳತೆ! ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೊಸ್ತೆನೀಸ್ ಎಂಬ ಗ್ರೀಕ್ ವಿದ್ವಾಂಸನು ಈಜಿಪ್ಟಿನಲ್ಲಿ ಅನುಸರಿಸಿದ ಉಪಾಯವಿದು. ಇದಕ್ಕೆ ಬೇಕಾದ ಸಲಕರಣೆ ಎರಡು ಕೋಲು, ಒಂದು ಅಳತೆಪಟ್ಟಿ ಮತ್ತು ದೂರದ ಕಾಲೇಜಿನಲ್ಲಿ ಒಬ್ಬ ಗೆಳೆಯ. ಆ ಗೆಳೆಯನನ್ನು ದೊರಕಿಸಿಕೊಡುವುದೇ ಸಂಘಗಳ ಪ್ರಯೋಜನ.

ಕಾಲೇಜಿನ ಆವರಣದ ಹೊರಗೂ ಪ್ರಯೋಗಶಾಲೆಗಳಿವೆ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ಮತ್ತು ರೋಗಶಾಸ್ತ್ರ ವಸ್ತುಸಂಗ್ರಹಾಲಯವು ವೈದ್ಯ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾಗಿಲ್ಲ. ಸಾರ್ವಜನಿಕರೂ ಅದನ್ನು ನೋಡಬಹುದು. ಪುಸ್ತಕದ ಚಿತ್ರದಲ್ಲಿ ಕಂಡ ಹೃದಯವನ್ನೂ ಶ್ವಾಸಕೋಶವನ್ನೂ ಅಲ್ಲಿ ಕಣ್ಣಾರೆ ಕಂಡವರು ಅವನ್ನು ಮರೆಯಲಾರರು. ಮಲ್ಪೆಯ ಎದುರಿಗಿರುವ ಸಂತ ಮೇರಿ ದ್ವೀಪಗಳಲ್ಲಿ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸವು ತಣ್ಣಗಾಗುವಾಗ ಕುಗ್ಗಿ ಬಿರಿದು, ಹಲವು ಮುಖಗಳ ಕಂಬಗಳಾಗಿ ನಿಂತಿದೆ. ನಮ್ಮ ನೆಲವು ಮಡಗಾಸ್ಕರದಿಂದ ಬೇರ್ಪಟ್ಟ ಕಾಲದ ಕುರುಹು ಅದು. ಮಳೆಗಾಲ ಮುಗಿದು ದೋಣಿ ಸಂಚಾರ ಆರಂಭವಾದ ಮೇಲೆ ವಿಹಾರಕ್ಕೆಂದು ಹೋಗುವವರು ಬಹಳ. ಕಂಬದ ಮುಖಗಳನ್ನು ಎಣಿಸುವವರು ವಿರಳ.

ಕಾಪುವಿನ ದೀಪಸ್ತಂಭವು 1901ರದು. ಗೋಪುರದ ಎತ್ತರ ಸುಮಾರು 27 ಮೀಟರ್. ಭೂಮಿಯ ತ್ರಿಜ್ಯವು 6,371 ಕಿಲೋಮೀಟರ್ ಎಂದು ತಿಳಿದವರಿಗೆ ಅದರ ತುದಿಯಿಂದ ಕಾಣುವ ದಿಗಂತದ ದೂರವನ್ನು ಕಂಡುಹಿಡಿಯಲು ಪೈಥಾಗೊರಸನ ಪ್ರಮೇಯವೇ ಸಾಕು. ಗೋಪುರದ ಎತ್ತರವೊಂದನ್ನೇ ಹಿಡಿದರೂ ಉತ್ತರವು ಹದಿನೆಂಟೂವರೆ ಕಿಲೋಮೀಟರ್ ಬರುತ್ತದೆ. ಅದು ನಿಂತ ಬಂಡೆಯ ಎತ್ತರವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಕಾರ್ಕಳದಲ್ಲಿ 1432ರಲ್ಲಿ ಸ್ಥಾಪಿತವಾದ 42 ಅಡಿಯ ಏಕಶಿಲಾ ಬಾಹುಬಲಿಯ ಮೂರ್ತಿಯನ್ನು ಬೇರೆಡೆ ಕಡೆದು ಬೆಟ್ಟಕ್ಕೆ ಏರಿಸಿದರೆಂಬ ಹೇಳಿಕೆಯಿದೆ. ಇಳಿಜಾರು, ಘರ್ಷಣೆ, ಸನ್ನೆಗೋಲು ಇವುಗಳನ್ನು ಪಾಠದಲ್ಲಿ ಓದಿದವರು ಆ ಬೆಟ್ಟದ ಬುಡದಲ್ಲಿ ನಿಂತು, ಹಾಗೆ ಏರಿಸಲು ಎಷ್ಟು ಬಲ ಬೇಕಾದೀತು ಎಂದು ಲೆಕ್ಕ ಹಾಕಬಾರದೇಕೆ?

“ಇದೆಲ್ಲ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ಅಂಕ ಬರಬೇಡವೇ? ಇದಕ್ಕೆಲ್ಲ ವೇಳೆಯೆಲ್ಲಿದೆ?” ಎಂದು ಹಿರಿಯರು ಕೇಳುವರು. ಇದು ತಳ್ಳಿಹಾಕುವ ಮಾತಲ್ಲ. ದಿನಕ್ಕೆ ಎರಡು ಮೂರು ಗಂಟೆ ಬಸ್ಸಿನಲ್ಲಿಯೇ ಕಳೆಯುವ, ಮನೆಗೆ ಹೋಗಿ ಕೆಲಸಕ್ಕೂ ಕೈಹಚ್ಚುವ ವಿದ್ಯಾರ್ಥಿಗೆ ವೇಳೆಯು ನಿಜವಾಗಿಯೂ ಕಡಮೆ. ಆದರೆ ಈ ಜಿಲ್ಲೆಯವರಿಗೆ ಅಲ್ಪವನ್ನು ಕೂಡಿಸುವ ಉಪಾಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟನ್ನೂ ಮನೆಬಾಗಿಲಿಗೇ ಬಂದು ಪಡೆದುಕೊಳ್ಳುವ ಆ ಯೋಜನೆಯಿಂದ ಬಡವರೂ ಹಣ ಕೂಡಿಸಿದರು. ವೇಳೆಗೂ ಇದೇ ಗಣಿತ ಸಲ್ಲುತ್ತದೆ. ವರ್ಷದಲ್ಲಿ 200 ದಿನ ಕಾಲೇಜು ನಡೆದರೆ, ದಿನಕ್ಕೆ ಅರ್ಧ ಗಂಟೆಯಂತೆ 100 ಗಂಟೆಯಾಗುತ್ತದೆ. ಪದವಿ ಮುಗಿಯುವಷ್ಟರಲ್ಲಿ 300 ಗಂಟೆ! 2024ರಲ್ಲಿ ನಮ್ಮ ರಾಜ್ಯವು ಮೂರು ವರ್ಷಗಳ ಪದವಿಗೆ ಹಿಂದಿರುಗಿದೆ. ಮೊದಲ ವರ್ಷವನ್ನು ಪರಿಚಯಕ್ಕೆಂದು ಸುಮ್ಮನೆ ಕಳೆದವರು ಅದರ ಮೂರನೆಯ ಒಂದು ಪಾಲನ್ನು ಕಳೆದುಕೊಂಡಂತೆ.

ವಿದ್ಯಾರ್ಥಿಗಳಿಗೆ ಹೇಳಿದ ಮೇಲೆ ಕಾಲೇಜುಗಳಿಗೂ ಎರಡು ಮಾತು ಹೇಳಬೇಕು. ಪಾಠದ ವೇಳಾಪಟ್ಟಿಯೊಡನೆ ಇನ್ನೊಂದು ಹಾಳೆಯನ್ನೂ ಕನ್ನಡದಲ್ಲಿ ಮುದ್ರಿಸಿ ಕೊಡಲಿ. ಕಾಲೇಜಿನಲ್ಲಿ ಏನೇನಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಯಾರನ್ನು ಕೇಳಬೇಕು ಎಂಬುದು ಅದರಲ್ಲಿರಲಿ. ಮೊದಲ ತಿಂಗಳಲ್ಲಿ ಅಧ್ಯಾಪಕರು ತಾವೇ ಪ್ರತಿಯೊಂದು ತರಗತಿಯನ್ನೂ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಲಿ. ಸಂಘಗಳ ಸಭೆಯನ್ನು ಸಂಜೆಯ ಬಸ್ಸು ಹೊರಟ ಮೇಲೆ ನಡೆಸುವ ಬದಲು ಮಧ್ಯಾಹ್ನದ ಬಿಡುವಿನಲ್ಲಿ ನಡೆಸಲಿ. ಪ್ರವಾಸದ ವೆಚ್ಚವನ್ನು ತೆರಲಾರದವರನ್ನು ಗುಟ್ಟಾಗಿ ವಿಚಾರಿಸಿ ಅವರ ಪಾಲನ್ನು ಭರಿಸಲಿ. ವಾರಕ್ಕೊಂದು ಮಧ್ಯಾಹ್ನ ಪ್ರಯೋಗಶಾಲೆಯನ್ನು ಆಸಕ್ತರಿಗೆ ತೆರೆದಿಡಲಿ. ಉಪಕರಣಗಳು ಕೆಡುತ್ತವೆ ಎಂಬ ಭಯವೊಂದಿದೆ. ನಮ್ಮ ಕರಾವಳಿಯ ತೇವದ ಹವೆಯಲ್ಲಿ ಕಪಾಟಿನಲ್ಲಿ ಮುಚ್ಚಿಟ್ಟ ಸೂಕ್ಷ್ಮದರ್ಶಕದ ಮಸೂರಗಳಿಗೂ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಆ ಭಯದ ಜೊತೆಗೆ ನೆನಪಿಡಬೇಕು. ಬಳಸಿ ಕೆಟ್ಟರೆ ಒಬ್ಬನಾದರೂ ಕಲಿತಿರುತ್ತಾನೆ.

ಕಾಲೇಜಿನಾಚೆಯ ಅವಕಾಶಗಳಿಗೂ ಮೊದಲ ವರ್ಷದಿಂದಲೇ ಕಣ್ಣಿಡಬೇಕು. 1934ರಲ್ಲಿ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ಕೂಡಿ, ಬೇಸಿಗೆಯಲ್ಲಿ ವಿಜ್ಞಾನಿಗಳ ಬಳಿ ಕೆಲಸ ಮಾಡಲು ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ಇಂತಹವುಗಳಿಗೆ ಅರ್ಜಿಯನ್ನು ಹಲವು ತಿಂಗಳ ಮೊದಲೇ ಸಲ್ಲಿಸಬೇಕು. ಜೊತೆಗೆ ನಿಮ್ಮನ್ನು ಬಲ್ಲ ಅಧ್ಯಾಪಕರ ಪತ್ರವೂ ಬೇಕಾಗುವುದುಂಟು. ಅಧ್ಯಾಪಕರು ನಿಮ್ಮನ್ನು ಬಲ್ಲವರಾಗಬೇಕಾದರೆ ಮೊದಲು ನೀವು ಅವರ ಬಳಿಗೆ ಹೋಗಬೇಕಷ್ಟೆ. ಐ.ಐ.ಟಿ.ಗಳೂ ಭಾರತೀಯ ವಿಜ್ಞಾನ ಮಂದಿರವೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳೂ, ಕೇಂದ್ರ ಸರಕಾರವು 2017ರಲ್ಲಿ ತೆರೆದ ಸ್ವಯಂ ಪಾಠಗಳೂ ಕಾಪುವಿನ ಮನೆಯಲ್ಲಿ ಕುಳಿತವರಿಗೂ ಶುಲ್ಕವಿಲ್ಲದೆ ದೊರೆಯುತ್ತವೆ.

ಮೊದಲ ವರ್ಷದ ವಿದ್ಯಾರ್ಥಿಮಿತ್ರರೇ, ಈ ವಾರ ಮೂರು ಪ್ರಶ್ನೆಗಳನ್ನು ಕೇಳಿರಿ. ಗ್ರಂಥಪಾಲಕರಲ್ಲಿ, ನಾನು ಕಪಾಟುಗಳ ನಡುವೆ ಓಡಾಡಬಹುದೇ ಎಂದು ಕೇಳಿರಿ. ನಿಮಗೆ ಇಷ್ಟವಾದ ವಿಷಯದ ಅಧ್ಯಾಪಕರಲ್ಲಿ, ಪಠ್ಯದ ಹೊರಗೆ ನಾನು ಓದಬೇಕಾದ ಒಂದು ಪುಸ್ತಕ ಯಾವುದೆಂದು ಕೇಳಿರಿ. ಕೊನೆಯ ವರ್ಷದಲ್ಲಿರುವ ಅಣ್ಣನನ್ನೋ ಅಕ್ಕನನ್ನೋ ಕಂಡು, ಮೊದಲ ವರ್ಷದಲ್ಲಿಯೇ ತಿಳಿದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಈಗ ಅನಿಸುವ ಸಂಗತಿ ಯಾವುದೆಂದು ಕೇಳಿರಿ. ಒಬ್ಬರು ಸಿಡುಕಿದರೆ ಇನ್ನೊಬ್ಬರ ಬಳಿಗೆ ಹೋಗಿರಿ. ಕೇಳಿದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದೊರೆತ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಮಳೆಗಾಲದಲ್ಲಿ ನಿಮ್ಮೂರಿನ ಬಸ್ಸಿನಲ್ಲಿಯೇ ಕಾಲೇಜಿಗೆ ಮೊದಲ ಸಲ ಬರುವ ಹುಡುಗನಿಗೋ ಹುಡುಗಿಗೋ, ಅವರು ಕೇಳುವ ಮೊದಲೇ ಅದನ್ನು ಕೊಡಿರಿ.